ಹಳಿಗಳ ನಡುವಿನ 16 ಮೀಟರ್

1995ರ ಜನವರಿ 17, ಮಂಗಳವಾರ. ಬೆಳಗಿನ ಜಾವ ಐದೂವರೆ ದಾಟಿದೆ. ನೀವು ಜಪಾನಿನ ಕೋಬೆ ಬಂದರಿನಲ್ಲಿದ್ದೀರಿ, ರೊಕ್ಕೊ ಐಲೆಂಡ್ ಎಂಬ ಕೃತಕ ದ್ವೀಪದ ಅಂಚಿನಲ್ಲಿ. ನಿನ್ನೆ ಸರ್ಕಾರಿ ರಜೆ. ಹುಣ್ಣಿಮೆಯ ಚಂದ್ರ ಪಶ್ಚಿಮಕ್ಕೆ ವಾಲಿದ್ದಾನೆ, ಸೂರ್ಯ ಮೂಡುವುದು ಏಳರ ಮೇಲೆ. ಉತ್ತರಕ್ಕೆ ರೊಕ್ಕೊ ಬೆಟ್ಟಗಳ ಕಪ್ಪು ಸಾಲು, ಅದರ ಬುಡದಲ್ಲಿ ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡ ಊರಿನ ದೀಪಗಳು. ಚಳಿ ಇದೆ. ಕಾಲಡಿಯ ಕಾಂಕ್ರೀಟು ಎಷ್ಟು ಗಟ್ಟಿ ಎಂದರೆ ಅದರ ಬಗ್ಗೆ ಯೋಚನೆಯೇ ಬರುವುದಿಲ್ಲ.

ತಲೆಯೆತ್ತಿ. ನಿಮ್ಮ ಮೇಲೆ ನಿಂತಿರುವುದು ಕಂಟೇನರ್ ಕ್ರೇನ್. ನಾಲ್ಕು ಕಾಲು, ಕಾಲುಗಳನ್ನು ಅರ್ಧ ಎತ್ತರದಲ್ಲಿ ಕಟ್ಟಿಹಿಡಿದ ಅಡ್ಡತೊಲೆಗಳು, ಅದರ ಮೇಲೆ ಯಂತ್ರದ ಕೋಣೆ, ಸಮುದ್ರದ ಕಡೆಗೆ ಚಾಚುವ ಬೂಮ್. ಹಡಗಿಲ್ಲದ ಹೊತ್ತಿನಲ್ಲಿ ಬೂಮನ್ನು ಮೇಲಕ್ಕೆ ಮಡಚಿ ನಿಲ್ಲಿಸಿರುತ್ತಾರೆ. ನೂರಾರು ಟನ್ ಉಕ್ಕು. ಇನ್ನು ತಲೆ ತಗ್ಗಿಸಿ, ಒಂದು ಕಾಲಿನ ಬುಡ ನೋಡಿ. ಅಲ್ಲಿ ನೆಲಕ್ಕೆ ಹೂತ ಬೋಲ್ಟ್ ಇಲ್ಲ, ಪಾಯವೂ ಇಲ್ಲ. ಇರುವುದು ಉಕ್ಕಿನ ಚಕ್ರಗಳ ಸಾಲು, ಆ ಚಕ್ರಗಳ ಕೆಳಗೊಂದು ಹಳಿ. ಚಕ್ರದ ಎರಡು ಅಂಚಿಗೂ ಹಳಿಯ ತಲೆಯನ್ನು ತಬ್ಬಿದ ಸಣ್ಣ ತುಟಿ, ಅದರ ಆಳ ಬೆರಳುಗಳ ಅಳತೆಯದು. ಇಡೀ ಕ್ರೇನನ್ನು ಹಳಿಯ ಮೇಲೆ ಹಿಡಿದಿಟ್ಟಿರುವುದು ಆ ತುಟಿ ಮತ್ತು ಕ್ರೇನಿನ ಸ್ವಂತ ತೂಕ. ಬಿರುಗಾಳಿಗೆ ಉರುಳಿ ಹೋಗದಂತೆ ಪಿನ್ನು, ಕಟ್ಟು, ಹಳಿ ಹಿಡಿಯುವ ಕ್ಲ್ಯಾಂಪು ಇರುತ್ತವೆ. ಅವೆಲ್ಲ ಗಾಳಿಯ ಲೆಕ್ಕಕ್ಕೆ ಮಾಡಿದವು.

ಒಂದು ಹಳಿಯಿಂದ ಇನ್ನೊಂದು ಹಳಿಗೆ ನಡೆಯಿರಿ. ಸಮುದ್ರದ ಕಡೆಯದರಿಂದ ನೆಲದ ಕಡೆಯದಕ್ಕೆ 16 ಮೀಟರ್. ಇಪ್ಪತ್ತು ಹೆಜ್ಜೆ ಸಾಕು. ಮೇಲಿನ ಕಾಂಕ್ರೀಟು ಒಂದೇ ಸಮ ಕಾಣುತ್ತದೆ, ಆದರೆ ನಡಿಗೆಯ ಅರ್ಧದಲ್ಲೆಲ್ಲೋ ನೀವು ಒಂದು ಗಡಿ ದಾಟಿದ್ದೀರಿ. ಸಮುದ್ರದ ಕಡೆಯ ಹಳಿ ಕೂತಿರುವುದು ಕೇಸನ್ ಮೇಲೆ. ಕೇಸನ್ ಎಂದರೆ ಬಹುಮಹಡಿ ಮನೆಯಷ್ಟು ಎತ್ತರದ ಕಾಂಕ್ರೀಟ್ ಪೆಟ್ಟಿಗೆ. ಅದನ್ನು ತೇಲಿಸಿಕೊಂಡು ತಂದು, ಸಮುದ್ರದ ತಳದಲ್ಲಿ ಕೂರಿಸಿ, ಒಳಗೆ ಮರಳು ತುಂಬಿ, ಅಂಥವನ್ನು ಸಾಲಾಗಿ ನಿಲ್ಲಿಸಿದರೆ ದಕ್ಕೆಯ ಗೋಡೆ ಸಿದ್ಧ. ನೆಲದ ಕಡೆಯ ಹಳಿಗೆ ಕೇಸನ್ನಿನ ಸಂಬಂಧವಿಲ್ಲ. ಅದು ಹಿಂದೆ ತುಂಬಿದ ಮಣ್ಣಿನ ಪ್ರದೇಶದಲ್ಲಿ ತನ್ನದೇ ಬೇರೆ ಅಡಿಪಾಯದ ಮೇಲಿದೆ. ಕ್ರೇನು ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದೆ. ಎರಡೂ ದೋಣಿ ಅಲುಗಾಡದೆ ಇರುವಷ್ಟು ದಿನ ಇದು ಯಾರ ಗಮನಕ್ಕೂ ಬರುವಂಥದ್ದಲ್ಲ.

5 ಗಂಟೆ 46 ನಿಮಿಷ.

ಮೊದಲು ಬರುವುದು ಸದ್ದು. ಭೂಕಂಪದ ಮೂಲ ಇಲ್ಲಿಂದ ನೈಋತ್ಯಕ್ಕೆ, ಅವಾಜಿ ದ್ವೀಪದ ಉತ್ತರ ತುದಿಯ ಹತ್ತಿರ, ನೆಲದಡಿ ಹದಿನಾರು-ಹದಿನೇಳು ಕಿ.ಮೀ. ಆಳದಲ್ಲಿ. ತೀವ್ರತೆ 6.9. ಬಿರುಕು ನೇರ ಈ ಊರಿನ ಕಡೆಗೇ ಸೀಳಿಕೊಂಡು ಬರುತ್ತಿದೆ. ನಿಮ್ಮ ಕಾಲು ನೆಲ ಬಿಡುತ್ತದೆ, ಮರುಕ್ಷಣ ನೆಲವೇ ಬಂದು ಕಾಲಿಗೆ ಬಡಿಯುತ್ತದೆ. ಆಮೇಲೆ ಅಡ್ಡಡ್ಡ ಎಳೆತ. ನಿಲ್ಲಲು ಆಗುವುದಿಲ್ಲ, ಅಂಗೈ ಊರಿ ಬಿದ್ದಿದ್ದೀರಿ. ಊರಿನ ದೀಪಗಳು ತಂಡತಂಡವಾಗಿ ಆರುತ್ತಿವೆ. ತಲೆಯ ಮೇಲೆ ಉಕ್ಕು ನರಳುತ್ತದೆ. ಜೋರಾದ ಅಲುಗಾಟ ಇಪ್ಪತ್ತು ಸೆಕೆಂಡೂ ಇಲ್ಲ.

ಆ ಕೆಲವು ಸೆಕೆಂಡುಗಳನ್ನು ನಿಧಾನ ಮಾಡಿ, ನೆಲದೊಳಕ್ಕೆ ಇಳಿಯೋಣ. ಪಕ್ಕದ ಪೋರ್ಟ್ ಐಲೆಂಡಿನಲ್ಲಿ ಕೊರೆದ ಬಾವಿಯೊಂದರ ಬೇರೆ ಬೇರೆ ಆಳಗಳಲ್ಲಿ ಕಂಪನಮಾಪಕಗಳಿವೆ, ಅವು ಇದನ್ನೆಲ್ಲ ಬರೆದುಕೊಳ್ಳುತ್ತಿವೆ. 83 ಮೀಟರ್ ಆಳದಲ್ಲಿ ಅಡ್ಡ ಅಲುಗಾಟದ ಗರಿಷ್ಠ ವೇಗೋತ್ಕರ್ಷ 679 ಗ್ಯಾಲ್ (ವೇಗೋತ್ಕರ್ಷ ಅಳೆಯುವ ಮಾನ). 16 ಮೀಟರ್ ಆಳದಲ್ಲಿ 565. ನೆಲದ ಮೇಲೆ 341. ಸಾಮಾನ್ಯವಾಗಿ ಮೆದು ನೆಲದಲ್ಲಿ ಅಲುಗಾಟ ಮೇಲೆ ಬಂದಂತೆ ಹೆಚ್ಚುತ್ತದೆ. ಇಲ್ಲಿ ಅರ್ಧಕ್ಕೆ ಇಳಿದಿದೆ. ಇದು ಒಳ್ಳೆಯ ಸುದ್ದಿಯಲ್ಲ. ಮೇಲಿನ ಹದಿನೈದು-ಇಪ್ಪತ್ತು ಮೀಟರ್ ಮಣ್ಣು ಮಣ್ಣಾಗಿ ಉಳಿದಿಲ್ಲ. ಕಣಗಳ ನಡುವೆ ಸಿಕ್ಕಿಕೊಂಡ ನೀರು ಹೊರಹೋಗಲು ಹೊತ್ತು ಸಿಗದೆ, ಒತ್ತಡ ಏರಿ, ಕಣಕ್ಕೆ ಕಣ ತಾಗದಂತಾಗಿದೆ. ನೆಲ ದ್ರವವಾಗಿದೆ. ದ್ರವಕ್ಕೆ ಅಡ್ಡ ಅಲುಗಾಟವನ್ನು ಮೇಲಕ್ಕೆ ಸಾಗಿಸುವ ಕಸುವಿಲ್ಲ, ಅದಕ್ಕೇ ಆ ಅಂಕಿ ಇಳಿದದ್ದು. ಅದೇ ಕಾರಣಕ್ಕೆ ಗೋಡೆಯನ್ನು ಹಿಡಿದು ನಿಲ್ಲಿಸುವ ಕಸುವೂ ಅದಕ್ಕಿಲ್ಲ.

ಕೇಸನ್ ಮೇಲೆ ಈಗ ಹಿಂದಿನಿಂದ ಒತ್ತಡ, ಅದರದ್ದೇ ತೂಕದ ಓಲಾಟ, ಕೆಳಗೆ ಮೆತ್ತಗಾದ ಬುಡ. ಬುಡದ್ದೇ ದೊಡ್ಡ ಪಾಪ. ಕೇಸನ್ ಕೂರಿಸುವ ಮೊದಲು ಸಮುದ್ರದ ತಳದ ಜೇಡಿಯನ್ನು ತೋಡಿ ತೆಗೆದು, ಆ ಗುಂಡಿಗೆ ಬೆಟ್ಟದಿಂದ ತಂದ ಸವೆದ ಗ್ರಾನೈಟ್ ಮರಳನ್ನು ತುಂಬಿದ್ದರು. ಆ ಮರಳು ಈಗ ಸಡಿಲವಾಗಿ, ಮೇಲಿನ ಪೆಟ್ಟಿಗೆಯನ್ನು ಹೊತ್ತುಕೊಂಡೇ ಸಮುದ್ರದ ಕಡೆಗೆ ತಳ್ಳಿಕೊಂಡು ಹೋಗುತ್ತಿದೆ. ಒಂದೊಂದು ಓಲಾಟಕ್ಕೂ ಒಂದಿಷ್ಟು. ಹಿಂದೆ ಬರುವ ಮಾತಿಲ್ಲ.

ಸಮುದ್ರದ ಕಡೆಯ ಹಳಿ ಕೇಸನ್ ಜೊತೆಗೆ ಹೊರಟಿತು. ನೆಲದ ಕಡೆಯದು ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಕ್ರೇನು ಅದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ಓಲಾಡುತ್ತಿದೆ. ಓಲಾಟದ ಒಂದು ತುದಿಯಲ್ಲಿ ಒಂದು ಬದಿಯ ಚಕ್ರಗಳು ಹಳಿಯಿಂದ ಮೇಲೇಳುತ್ತವೆ. ಇಳಿಯುವಾಗ ಅಲ್ಲಿ ಹಳಿ ಇಲ್ಲ. ಹಳಿ ಬಿಡದೆ ಹಿಡಿದುಕೊಂಡ ಕ್ರೇನುಗಳ ಗತಿ ಇನ್ನೂ ಕಷ್ಟ: ಚಕ್ರದ ತುಟಿ ಹಳಿಗೆ ಸಿಕ್ಕಿ, ಕಾಲುಗಳು ಎರಡು ಬದಿಗೆ ಎಳೆದುಕೊಂಡು ಹೋಗುತ್ತವೆ. ಕಾಲೂ ಅಡ್ಡತೊಲೆಯೂ ಕೂಡುವ ಜಾಗದಲ್ಲಿ ಉಕ್ಕಿನ ತಗಡು ಉಬ್ಬುತ್ತದೆ, ಬಣ್ಣ ಚಕ್ಕೆಯೇಳುತ್ತದೆ, ಆಮೇಲೆ ಮಡಿಕೆ ಬೀಳುತ್ತದೆ.

ಬೆಳಕು ಹರಿದ ಮೇಲೆ ದಕ್ಕೆಯ ಉದ್ದಕ್ಕೆ ನಡೆದು ನೋಡಿ. ನಿನ್ನೆಯ ತನಕ ನೇರಗೆರೆಯಾಗಿದ್ದ ಅಂಚು ಸಮುದ್ರದ ಕಡೆಗೆ ಸರಾಸರಿ 3 ಮೀಟರ್ ಸರಿದಿದೆ, ಕೆಲವು ಕಡೆ 5 ಮೀಟರ್. ಒಂದರಿಂದ ಎರಡು ಮೀಟರ್ ತಗ್ಗಿದೆ. ಸುಮಾರು 4 ಡಿಗ್ರಿ ಸಮುದ್ರದತ್ತ ವಾಲಿದೆ. ಕೇಸನ್ ಬಿಟ್ಟುಹೋದ ಜಾಗಕ್ಕೆ ಹಿಂದಿನ ಮಣ್ಣು ಕುಸಿದು, ಗೋಡೆಯ ಉದ್ದಕ್ಕೂ ಕಂದಕ ಬಿದ್ದಿದೆ. ಅದರೊಳಗೆ ಮುರಿದ ಕಾಂಕ್ರೀಟ್ ಹಾಸುಗಳು ಅಡ್ಡಾದಿಡ್ಡಿ. ಅದರಾಚೆ ಅಂಗಳದ ತುಂಬ ಬೂದುಬಣ್ಣದ ಕೆಸರು, ನೆಲದಡಿಯಿಂದ ಉಕ್ಕಿ ಬಂದದ್ದು. ಕ್ರೇನುಗಳಲ್ಲಿ ಒಂದು ಪೂರ್ತಿ ಕುಸಿದು ಬಿದ್ದಿದೆ. ಉಳಿದವು ನಿಂತಿವೆ, ಆದರೆ ನಿಂತಿರುವ ರೀತಿ ನೋಡಿದರೆ ಸಂಕಟವಾಗುತ್ತದೆ: ಕಾಲು ಅಗಲಿಸಿ, ಮಂಡಿ ಒಳಕ್ಕೆ ಬಾಗಿ. ಕೋಬೆಯಲ್ಲಿ ಐವತ್ತಕ್ಕೂ ಹೆಚ್ಚು ಕಂಟೇನರ್ ಕ್ರೇನುಗಳಿದ್ದವು. ಏನೂ ಆಗದೆ ಉಳಿದವನ್ನು ಬೆರಳಲ್ಲಿ ಎಣಿಸಬೇಕು. ಎರಡು ದ್ವೀಪಗಳನ್ನು ಊರಿಗೆ ಜೋಡಿಸುವ ಸೇತುವೆಗಳಿಗೂ ಪೆಟ್ಟು ಬಿದ್ದಿದೆ. ನೀರಿನಾಚೆ ಊರಿನಲ್ಲಿ ಹೊಗೆ ಏಳುತ್ತಿದೆ. ಈ ಭೂಕಂಪದಲ್ಲಿ ಸತ್ತವರು 6,434 ಮಂದಿ. ಅಷ್ಟು ಜೀವಗಳ ಮುಂದೆ ಕ್ರೇನಿನ ಮಾತು ಸಣ್ಣದು ಅನ್ನಿಸಬಹುದು. ಆದರೆ ರಸ್ತೆ ಮುರಿದು, ರೈಲು ನಿಂತಾಗ, ಬದುಕಿ ಉಳಿದವರಿಗೆ ಅನ್ನ, ಕಂಬಳಿ, ಮನೆ ಕಟ್ಟುವ ಸಾಮಾನು ಬರಬೇಕಾದದ್ದು ಸಮುದ್ರದಿಂದ.

ಈ ದ್ವೀಪಗಳ ಮಣ್ಣು ಬಂದದ್ದು ಎಲ್ಲಿಂದ ಎಂಬುದನ್ನೂ ಇಲ್ಲಿ ಹೇಳಬೇಕು. ಕೋಬೆಗೆ ಜಾಗವಿರಲಿಲ್ಲ. ಊರಿನ ಪಶ್ಚಿಮದ ಸುಮಾ ಕಡೆಯ ಬೆಟ್ಟಗಳನ್ನು ಕಡಿದು, ಮಣ್ಣನ್ನು ಕನ್ವೇಯರ್ ಬೆಲ್ಟಿನಲ್ಲಿ ಸಮುದ್ರತೀರಕ್ಕೆ ತಂದು, ದೋಣಿಗಳಲ್ಲಿ ಸಾಗಿಸಿ ಸುರಿದರು. ಬೆಟ್ಟ ಕಡಿದ ಜಾಗದಲ್ಲಿ ಬಡಾವಣೆ, ಸಮುದ್ರ ತುಂಬಿದ ಜಾಗದಲ್ಲಿ ಬಂದರು. ಪೋರ್ಟ್ ಐಲೆಂಡಿಗೆ ಸುಮಾರು 8 ಕೋಟಿ ಘನ ಮೀಟರ್ ಮಣ್ಣು, ರೊಕ್ಕೊ ಐಲೆಂಡಿಗೆ 12 ಕೋಟಿ. ದೊಡ್ಡ ಯೋಚನೆ, ದೊಡ್ಡ ಕೆಲಸ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಭೂಕಂಪದ ನಂತರ ಪೋರ್ಟ್ ಐಲೆಂಡಿನಲ್ಲೇ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ. ಕಟ್ಟಡ ಕಟ್ಟುವ ಮೊದಲು ಮರಳಿನ ಕಂಬಗಳನ್ನು ಇಳಿಸಿ, ಕಂಪನದಿಂದ ಗುದ್ದಿ ಗಟ್ಟಿ ಮಾಡಿದ್ದ ಜಾಗಗಳಲ್ಲಿ ಕೆಸರು ಉಕ್ಕಿದ್ದು ತೀರಾ ಕಡಿಮೆ. ಅದೇ ಮಣ್ಣು, ಅದೇ ಅಲುಗಾಟ. ಉಪಾಯ ಊರಿನವರ ಕೈಯಲ್ಲೇ ಇತ್ತು. ದಕ್ಕೆಯ ಗೋಡೆಯ ತನಕ ಅದು ಬಂದಿರಲಿಲ್ಲ.

ಎಚ್ಚರಿಕೆಯೂ ಸಿಕ್ಕಿತ್ತು. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಭೂಕಂಪ. ಕೇಂದ್ರದಿಂದ ಸುಮಾರು 90 ಕಿ.ಮೀ. ದೂರದ ಓಕ್ಲೆಂಡ್ ಬಂದರಿನ ಸೆವೆಂತ್ ಸ್ಟ್ರೀಟ್ ಟರ್ಮಿನಲಿನಲ್ಲಿ ಸಮುದ್ರದ ಕಡೆಯ ಹಳಿ ಕಂಬಗಳ ಮೇಲಿತ್ತು, ಹಿಂದಿನ ಹಳಿ ತುಂಬಿದ ಮಣ್ಣಿನ ಮೇಲಿತ್ತು. ಮಣ್ಣು ದ್ರವವಾಗಿ ಹಿಂದಿನ ಹಳಿ ಕುಸಿಯಿತು, ಕ್ರೇನುಗಳು ಕೆಲಸ ನಿಲ್ಲಿಸಿದವು. ದೋಣಿ ಬೇರೆ, ಕಥೆ ಒಂದೇ. ಕೋಬೆಯ ನಂತರ ನಮ್ಮಲ್ಲೂ 2001ರ ಜನವರಿ 26ರಂದು, ಭುಜ್ ಭೂಕಂಪದಲ್ಲಿ, ಕಾಂಡ್ಲಾ ಬಂದರಿನ ದಕ್ಕೆಯ ಕಂಬಗಳು ಬಿರುಕುಬಿಟ್ಟವು; ದಡದಲ್ಲಿದ್ದ 22 ಮೀಟರ್ ಎತ್ತರದ ಬಂದರು ಮತ್ತು ಕಸ್ಟಮ್ಸ್ ಕಚೇರಿಯ ಗೋಪುರ ಕಂಬಗಳ ಸಮೇತ ವಾಲಿತು. ಅಲ್ಲೂ ಕೆಳಗಿದ್ದದ್ದು ನೀರು ಕುಡಿದ ಮೆದು ಮಣ್ಣು.

ಕೋಬೆ 1994ರಲ್ಲಿ ಜಗತ್ತಿನ 6ನೇ ದೊಡ್ಡ ಕಂಟೇನರ್ ಬಂದರು. ಆ ವರ್ಷ 20 ಅಡಿ ಕಂಟೇನರಿನ ಲೆಕ್ಕದಲ್ಲಿ ಸುಮಾರು 29 ಲಕ್ಷ ಪೆಟ್ಟಿಗೆಗಳು ಅದರ ದಕ್ಕೆಗಳ ಮೇಲೆ ಏರಿಳಿದಿದ್ದವು. ಬಂದರನ್ನು ಪೂರ್ತಿ ಸರಿಪಡಿಸಲು ಎರಡು ವರ್ಷ ಬೇಕಾಯಿತು. 1997ರ ಮಾರ್ಚ್ ಹೊತ್ತಿಗೆ ಕೆಲಸ ಮುಗಿಯಿತು. ಅಷ್ಟರಲ್ಲಿ ಹಡಗುಗಳು ಕೊರಿಯಾದ ಬೂಸಾನಿನ ದಾರಿ ಹಿಡಿದಿದ್ದವು. ಒಮ್ಮೆ ಬೇರೆ ಬಂದರಿಗೆ ರೂಢಿಯಾದ ಹಡಗು ಕಂಪನಿಗೆ ಹಿಂದಿರುಗಲು ಕಾರಣ ಬೇಕು. 1994ರ ಅಂಕಿಯನ್ನು ಕೋಬೆ ಮತ್ತೆ ದಾಟಿದ್ದು 2017ರಲ್ಲಿ.

ಈಗ ಇನ್ನೊಂದು ಕಡೆಗೆ ಬನ್ನಿ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಭೂಕಂಪ ಪ್ರಯೋಗಾಲಯ. ದೊಡ್ಡ ಹಜಾರ, ನಡುವೆ ಉಕ್ಕಿನ ವೇದಿಕೆ, ಅದರಡಿ ಹೈಡ್ರಾಲಿಕ್ ತೋಳುಗಳು. ದಾಖಲಾದ ಭೂಕಂಪವನ್ನು ಹಾಕಿದರೆ ವೇದಿಕೆ ಹಾಗೆಯೇ ಕುಣಿಯುತ್ತದೆ. ಶೇಕ್ ಟೇಬಲ್ ಎನ್ನುತ್ತಾರೆ. ಮೇಜಿನ ಮೇಲೆ ಇಂದಿನ ದೈತ್ಯ ಕ್ರೇನಿನ ಹತ್ತನೇ ಒಂದು ಅಳತೆಯ ಮಾದರಿ. ಹತ್ತನೇ ಒಂದಾದರೂ ಅದು ನಿಮಗಿಂತ ಹಲವು ಪಟ್ಟು ಎತ್ತರ. ಜಾರ್ಜಿಯಾ ಟೆಕ್‌ನಲ್ಲಿ ಆಗ ಇದ್ದ ರೆಜಿನಾಲ್ಡ್ ಡೆಸ್‌ರೋಶ್ ಅವರಿದ್ದ ತಂಡದ ಕೆಲಸ ಇದು. ಪ್ರಶ್ನೆ ಸರಳ: ನೆಲ ಜಾರದೆ, ಹಳಿ ಅಗಲದೆ, ಬರೀ ಅಲುಗಾಟದಿಂದಲೇ ದೊಡ್ಡ ಕ್ರೇನು ಮುರಿಯುತ್ತದೆಯೇ?

ಮೇಜು ಅಲುಗಿತು. ಮಾದರಿಯ ಬುಡವನ್ನೇ ನೋಡುತ್ತಿರಿ. ಒಂದು ಬದಿಯ ಕಾಲು ಹಳಿಯಿಂದ ಎದ್ದಿತು, ಕೆಳಗೆ ಬೆಳಕು ಕಂಡಿತು, ಕುಳಿತಿತು. ಆಚೆ ಬದಿ ಎದ್ದಿತು. ನೋಡುವವರಿಗೆ ಎದೆ ಧಸಕ್ಕೆನ್ನುವ ದೃಶ್ಯ. ಆದರೆ ಈ ಏಳುವಿಕೆಯೇ ಹಳೆಯ ಸಣ್ಣ ಕ್ರೇನುಗಳನ್ನು ಕಾಪಾಡಿಕೊಂಡು ಬಂದದ್ದು. ಕಾಲು ಎದ್ದ ಮೇಲೆ ನೆಲ ಎಷ್ಟೇ ಜೋರಾಗಿ ಎಳೆದರೂ ಹೆಚ್ಚಿನ ಬಲ ಮೇಲಕ್ಕೆ ಹೋಗುವುದಿಲ್ಲ. ಎತ್ತುವುದಕ್ಕೆ ಎಷ್ಟು ಬಲ ಬೇಕೋ ಅಷ್ಟೇ ಮಿತಿ. ಆ ಮಿತಿಯನ್ನು ಕಾಲುಗಳು ಮುರಿಯದೆ ತಾಳಿಕೊಂಡರೆ ಕ್ರೇನು ಉಳಿಯಿತು. ಹಳಿ ತಪ್ಪಿದರೂ ಜಾಕಿ ಕೊಟ್ಟು ಎತ್ತಿ ಕೂರಿಸಬಹುದು.

ತೊಂದರೆ ಬಂದದ್ದು ಹಡಗು ಬೆಳೆದಾಗ. ಹಡಗು ಅಗಲವಾದಂತೆ ಬೂಮ್ ಉದ್ದವಾಯಿತು, ಕ್ರೇನು ಎತ್ತರವಾಯಿತು, ಹಳಿಗಳ ನಡುವಿನ ಗೇಜು 16 ಮೀಟರಿನಿಂದ 30ಕ್ಕೆ ಹೋಯಿತು. ಒಂದು ಅಂದಾಜಿನ ಲೆಕ್ಕ ಹಾಕಿ ನೋಡಿ. 600 ಟನ್ನಿನ ಹಳೆಯ ಕ್ರೇನು, ಗೇಜು 16 ಮೀಟರ್, ಗುರುತ್ವಕೇಂದ್ರ 25 ಮೀಟರ್ ಎತ್ತರದಲ್ಲಿ ಎಂದುಕೊಂಡರೆ, ಕಾಲೆತ್ತಲು ಬೇಕಾದ ಅಡ್ಡಬಲ ಸುಮಾರು 190 ಟನ್. 1500 ಟನ್ನಿನ ಹೊಸದು, ಗೇಜು 30, ಗುರುತ್ವಕೇಂದ್ರ 40 ಮೀಟರ್ ಎಂದರೆ ಸುಮಾರು 560 ಟನ್. ಅಂದರೆ ಕಾಲು ಮೇಲೇಳುವ ಮೊದಲು ಹೊಸ ಕ್ರೇನಿನ ಕಾಲುಗಳು ಮೂರು ಪಟ್ಟು ಬಲ ಹೊರಬೇಕು. ಕೆಳಗೆ ಲಾರಿಗಳು ಓಡಾಡಲು ಕಾಲುಗಳ ನಡುವೆ ಜಾಗ ಬಿಟ್ಟಿರುವುದರಿಂದ ಅಡ್ಡಕ್ಕೆ ಕರ್ಣದ ಪಟ್ಟಿ ಹಾಕುವಂತಿಲ್ಲ. ಆ ಬಲವೆಲ್ಲ ಕಾಲೂ ಅಡ್ಡತೊಲೆಯೂ ಸೇರುವ ಮೂಲೆಗಳ ಮೇಲೆ ಬೀಳುತ್ತದೆ. ಹಿಂದಿನ ಕ್ರೇನನ್ನು ದೊಡ್ಡ ಭೂಕಂಪಕ್ಕೆಂದು ಲೆಕ್ಕ ಹಾಕಿರದಿದ್ದರೂ ಅದು ತನ್ನ ಹಗುರತನದಿಂದ ಬಚಾವಾಗುತ್ತಿತ್ತು. ಇವತ್ತಿನ ಕ್ರೇನಿಗೆ ಆ ಅದೃಷ್ಟವಿಲ್ಲ, ಅದಕ್ಕೆ ವಿನ್ಯಾಸವೇ ಬೇಕು. ಓಕ್ಲೆಂಡಿನ ಲಿಫ್ಟೆಕ್ ಸಂಸ್ಥೆಯ ಎಂಜಿನಿಯರುಗಳು ಇದನ್ನು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ.

ಡೆಸ್‌ರೋಶ್ ಹುಟ್ಟಿದ್ದು ಹೈಟಿಯ ರಾಜಧಾನಿ ಪೋರ್ಟ್-ಔ-ಪ್ರಿನ್ಸಿನಲ್ಲಿ. 2010ರ ಜನವರಿ 12ರ ಭೂಕಂಪಕ್ಕೆ ಆ ಊರಿನ ದೊಡ್ಡ ಭಾಗ ನೆಲಸಮವಾಯಿತು. ಬಂದರಿನ ಉತ್ತರದ ದಕ್ಕೆ ಸಮುದ್ರಕ್ಕೆ ಕುಸಿಯಿತು. ಅದರ ಮೇಲಿದ್ದ ಕಂಟೇನರ್ ಕ್ರೇನು ವಾಲಿ ಅರ್ಧ ನೀರಿನಲ್ಲಿ ನಿಂತ ಚಿತ್ರವನ್ನು ಜಗತ್ತೆಲ್ಲ ನೋಡಿತು. ನೆರವು ಹೊತ್ತ ಹಡಗುಗಳು ಇಳಿಸಲು ಜಾಗವಿಲ್ಲದೆ ಹೊರಗೆ ಕಾಯಬೇಕಾಯಿತು. ಕ್ರೇನನ್ನು ಉಳಿಸುವುದು ಯಾವುದೋ ಕಂಪನಿಯ ಆಸ್ತಿ ಉಳಿಸುವ ಮಾತು ಅಂದುಕೊಂಡವರು ಆ ವಾರಗಳ ಹೈಟಿಯನ್ನು ನೆನಪಿಗೆ ತಂದುಕೊಳ್ಳಬೇಕು.

ಉಪಾಯಗಳು ಏನಿವೆ? ಕ್ರೇನು ಮುರಿಯುವ ಮೊದಲೇ ಕಾಲೆತ್ತುವಷ್ಟು ಕಾಲುಗಳನ್ನು ಗಟ್ಟಿ ಮಾಡುವುದು ಒಂದು. ಉಕ್ಕು ಹೆಚ್ಚುತ್ತದೆ, ಚಕ್ರದ ಮೇಲಿನ ಭಾರ ಹೆಚ್ಚುತ್ತದೆ, ಅದನ್ನು ಹೊರಲು ದಕ್ಕೆಯೂ ಗಟ್ಟಿಯಾಗಬೇಕು. ಮೂಲೆಗಳ ತಗಡು ಮಡಿಕೆ ಬೀಳದೆ ಬಾಗುವ ಹಾಗೆ ದಪ್ಪ ಹೊಂದಿಸಿ, ಬಾಗುವ ಜಾಗವನ್ನು ಮೊದಲೇ ಗೊತ್ತುಮಾಡುವುದು ಇನ್ನೊಂದು. ಭೂಕಂಪವಾದ ಮೇಲೆ ರಿಪೇರಿ ಬೇಕು, ಆದರೆ ಕುಸಿಯುವುದಿಲ್ಲ. ಕೋಬೆಯ ನಂತರ ಜಪಾನಿನ ಮಿತ್ಸುಬಿಷಿ, ಮಿತ್ಸುಯಿ ಮೊದಲಾದ ತಯಾರಕರು ಹಿಡಿದದ್ದು ಬೇರೆ ದಾರಿ. ಅಂಥ ಒಂದು ಕ್ರೇನಿನ ಬುಡದಲ್ಲಿ ಮಂಡಿಯೂರಿ ನೋಡೋಣ.

ಕಾಲು ಕೆಳಗಿಳಿದು ಬರುತ್ತದೆ, ಚಕ್ರಗಳ ಬಂಡಿ ಕೆಳಗಿದೆ, ಅವೆರಡೂ ಕೂಡುವ ಜಾಗದಲ್ಲಿ ಮಾಮೂಲಿ ಕ್ರೇನಿನಲ್ಲಿ ಕಾಣದ ಒಂದು ಅಂತಸ್ತು. ಒಳಗೆ ತೆಳು ಉಕ್ಕಿನ ತಟ್ಟೆಯೂ ರಬ್ಬರ್ ಹಾಳೆಯೂ ಒಂದರ ಮೇಲೊಂದು ಅಂಟಿಸಿದ ದಪ್ಪ ದಿಮ್ಮಿ. ಮೇಲಿನಿಂದ ಒತ್ತಿದರೆ ಅದು ಜಗ್ಗುವುದಿಲ್ಲ, ಅಡ್ಡಕ್ಕೆ ತಳ್ಳಿದರೆ ಜರುಗುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಮರಳುತ್ತದೆ. ಪಕ್ಕದಲ್ಲಿ ಡ್ಯಾಂಪರ್, ಓಲಾಟದ ಕಸುವನ್ನು ಬಿಸಿಯಾಗಿ ಕಳೆಯಲು. ಇವೆರಡಕ್ಕಿಂತ ನನ್ನ ಕಣ್ಣು ನಿಂತದ್ದು ಮೂರನೆಯದರ ಮೇಲೆ: ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಕಟ್ಟಿಹಾಕಿದ ಒಂದು ಪಿನ್ನು. ನಲವತ್ತು ಟನ್ನಿನ ಪೆಟ್ಟಿಗೆ ಹಿಡಿದು ಟ್ರಾಲಿ ಓಡಿ ಬ್ರೇಕ್ ಹಾಕಿದಾಗ ಬುಡ ಜರುಗಿದರೆ ಆಪರೇಟರ್ ಕೆಲಸ ಮಾಡುವುದು ಹೇಗೆ? ಗಾಳಿ ಬೀಸಿದಾಗ? ಆ ದಿನಗಳಲ್ಲೆಲ್ಲ ಈ ಪಿನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕ್ರೇನು ಬೇರೆಲ್ಲ ಕ್ರೇನುಗಳ ಹಾಗೆಯೇ ನಡೆದುಕೊಳ್ಳುತ್ತದೆ. ಭೂಕಂಪ ಬಂದು ಬಲ ಮಿತಿ ದಾಟಿದ ಗಳಿಗೆಗೆ ಪಿನ್ನು ಕತ್ತರಿಸಿಹೋಗುತ್ತದೆ, ರಬ್ಬರಿಗೆ ಬಿಡುಗಡೆ. ಅಲ್ಲಿಂದ ಮುಂದೆ ಕೆಳಗಿನ ಚಕ್ರಗಳು ನೆಲದ ಜೊತೆ ಓಡಾಡುತ್ತವೆ, ಮೇಲಿನ ಉಕ್ಕು ನಿಧಾನವಾಗಿ, ಉದ್ದುದ್ದದ ಓಲಾಟದಲ್ಲಿ ಹಿಂಬಾಲಿಸುತ್ತದೆ. ಅಲುಗಾಟದ ತಾಳಕ್ಕೂ ಕ್ರೇನಿನ ತಾಳಕ್ಕೂ ಹೊಂದಿಕೆಯಾಗದೆ ಹೋದಾಗ ಬಲ ಇಳಿಯುತ್ತದೆ. ಮುಗಿದ ಮೇಲೆ ಹೊಸ ಪಿನ್ನು ಹಾಕಿದರಾಯಿತು. ಅಗ್ಗದ ಒಂದು ತುಂಡು ಮುರಿದು, ಬೆಲೆ ಕಟ್ಟಲಾಗದ ಕಾಲು ಉಳಿಯುವಂಥ ಲೆಕ್ಕಾಚಾರ ಇದು. ಮುರಿದ ಕ್ರೇನಿಗೆ ಬದಲಿ ಬೇಕೆಂದರೆ ಕಟ್ಟಿ, ಹಡಗಿನ ಮೇಲೆ ನಿಲ್ಲಿಸಿ ತರಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬುದನ್ನು ನೆನೆದರೆ ಈ ಪಿನ್ನಿನ ಮೇಲೆ ಗೌರವ ಹುಟ್ಟುತ್ತದೆ.

ಆದರೂ ರೊಕ್ಕೊ ಐಲೆಂಡಿನ ಆ ಬೆಳಗನ್ನು ಮರೆಯುವಂತಿಲ್ಲ. ರಬ್ಬರಿನ ದಿಮ್ಮಿ ಜರುಗುವುದು ಅಂಗುಲಗಳ ಲೆಕ್ಕದಲ್ಲಿ. ಅಲ್ಲಿ ಹಳಿ ಅಗಲಿದ್ದು ಮೀಟರುಗಳ ಲೆಕ್ಕದಲ್ಲಿ. ಎಷ್ಟು ಒಳ್ಳೆಯ ಕ್ರೇನು ತಂದು ನಿಲ್ಲಿಸಿದರೂ ಸರಿದುಹೋಗುವ ದಕ್ಕೆಯ ಮೇಲೆ ಅದು ಉಳಿಯುವುದಿಲ್ಲ. ಸರಿಯದ ದಕ್ಕೆ ಕಟ್ಟಬಹುದು ಎಂಬುದಕ್ಕೆ ಸಾಕ್ಷಿ ಅದೇ ಕೋಬೆಯಲ್ಲಿ, ಅದೇ ಬೆಳಗ್ಗೆ ಸಿಕ್ಕಿತು. ಮಾಯಾ ವಾರ್ಫಿನಲ್ಲಿ ಕೆಲವು ಬರ್ತ್‌ಗಳನ್ನು ಮೊದಲೇ ಹೆಚ್ಚಿನ ಭೂಕಂಪ ಬಲಕ್ಕೆ ಲೆಕ್ಕ ಹಾಕಿ ಕಟ್ಟಿದ್ದರು. ಅವೂ ಕೇಸನ್ ಗೋಡೆಗಳೇ. ಸುತ್ತಲಿನ ದಕ್ಕೆಗಳೆಲ್ಲ ಸಮುದ್ರಕ್ಕೆ ವಾಲಿದಾಗ ಅವು ನಿಂತವು. ನೆರವಿನ ಹಡಗುಗಳಿಗೆ ಜಾಗ ಕೊಟ್ಟವು. ಮೆರಿಕೆನ್ ಪಾರ್ಕಿನಲ್ಲಿ ಒಡೆದ ದಕ್ಕೆಯ 60 ಮೀಟರ್ ಉದ್ದದ ಭಾಗವನ್ನು ಹಾಗೆಯೇ ಸ್ಮಾರಕವಾಗಿ ಉಳಿಸಿದ್ದಾರೆ, ಕೋಬೆಗೆ ಹೋದವರೆಲ್ಲ ಅದನ್ನು ನೋಡುತ್ತಾರೆ. ಒಡೆಯದೆ ನಿಂತ ಮಾಯಾ ಬರ್ತ್‌ಗಳನ್ನು ನೋಡಲು ಯಾರೂ ಹೋಗುವುದಿಲ್ಲ. ಹೋಗಬೇಕು ಎಂದು ನನ್ನ ಆಸೆ.

ದಕ್ಕೆ ಉಳಿಸುವ ಕೆಲಸದಲ್ಲಿ ಮಾಯಮಂತ್ರವಿಲ್ಲ. ಹಿಂದಿನ ಮಣ್ಣನ್ನು ಗುದ್ದಿ ಗಟ್ಟಿ ಮಾಡುವುದು, ಸಿಮೆಂಟ್ ಬೆರೆಸುವುದು, ಒತ್ತಡದ ನೀರು ಬೇಗ ಮೇಲೆ ಬರಲು ಜಲ್ಲಿಯ ಕಂಬಗಳನ್ನು ಇಳಿಸುವುದು, ಗೋಡೆಯ ಬುಡದ ಮರಳನ್ನೂ ಹಾಗೆಯೇ ಗಟ್ಟಿ ಮಾಡುವುದು. ಎರಡೂ ಹಳಿಗಳನ್ನು ಒಂದೇ ರಚನೆಯ ಮೇಲೆ ಕೂರಿಸಿದರೆ, ಅಥವಾ ಎರಡರ ತೊಲೆಗಳನ್ನೂ ಅಡ್ಡತೊಲೆಯಿಂದ ಕಟ್ಟಿದರೆ, ದಕ್ಕೆ ಸರಿದರೂ ಗೇಜು ಒಡೆಯದೆ ಎರಡೂ ಒಟ್ಟಿಗೆ ಸರಿಯುತ್ತವೆ. ಇಷ್ಟೆಲ್ಲ ಗೊತ್ತಿದ್ದೂ 2016ರ ನವೆಂಬರ್ 14ರ ನಡುರಾತ್ರಿ ನ್ಯೂಜಿಲೆಂಡಿನ ಕೈಕೋರಾ ಭೂಕಂಪಕ್ಕೆ ವೆಲ್ಲಿಂಗ್ಟನ್ ಬಂದರಿನ ತುಂಬಿದ ನೆಲ ಸಮುದ್ರದತ್ತ ಜರುಗಿತು. ಅಲ್ಲಿನ ಕಂಟೇನರ್ ಕ್ರೇನುಗಳು ಮತ್ತೆ ಹಡಗು ಮುಟ್ಟಿದ್ದು 2017ರ ಸೆಪ್ಟೆಂಬರಿನಲ್ಲಿ. ವೆಲ್ಲಿಂಗ್ಟನ್ ಎಂದರೆ ಭೂಕಂಪದಿಂದ ಕಟ್ಟಡ ಕಾಯುವ ಸೀಸ-ರಬ್ಬರ್ ದಿಮ್ಮಿಯನ್ನು 1980ರ ದಶಕದ ಆರಂಭದಲ್ಲೇ ಕಟ್ಟಡದಡಿ ಇಟ್ಟ ಊರು. ಹಳೆಯ ದಕ್ಕೆಗಳು ಎಲ್ಲ ಊರಲ್ಲೂ ಹಳೆಯವೇ.

ನನ್ನನ್ನು ಕಾಡುವ ಮಾತು ಒಂದೇ. ಎಷ್ಟೋ ಬಂದರುಗಳಲ್ಲಿ ದಕ್ಕೆ ಕಟ್ಟಿಸುವುದು ಬಂದರು ಪ್ರಾಧಿಕಾರ, ಕ್ರೇನು ಕೊಳ್ಳುವುದು ಟರ್ಮಿನಲ್ ನಡೆಸುವ ಕಂಪನಿ. ಎರಡು ಟೆಂಡರ್, ಎರಡು ಗುತ್ತಿಗೆ, ಇಬ್ಬರು ಎಂಜಿನಿಯರುಗಳು, ಬೇರೆ ಬೇರೆ ವರ್ಷಗಳಲ್ಲಿ. ದಕ್ಕೆಯವರ ನಕ್ಷೆ ಹಳಿಯ ತಲೆಯ ಮೇಲೆ ಮುಗಿಯುತ್ತದೆ, ಕ್ರೇನಿನವರ ನಕ್ಷೆ ಚಕ್ರದ ತುಟಿಯಿಂದ ಶುರುವಾಗುತ್ತದೆ. ಭೂಕಂಪ ಹಾಯ್ದು ಬರುವುದು ಸರಿಯಾಗಿ ಆ ಗಡಿಯ ಮೂಲಕ. ದೊಡ್ಡ ಭೂಕಂಪದಲ್ಲಿ ಈ ದಕ್ಕೆ ಎಷ್ಟು ಸರಿಯುತ್ತದೆ, ಹಳಿಗಳ ನಡುವೆ ಎಷ್ಟು ಅಗಲುತ್ತದೆ ಎಂಬ ಅಂಕಿಯನ್ನು ಒಬ್ಬರು ಲೆಕ್ಕ ಹಾಕಿ ಇನ್ನೊಬ್ಬರಿಗೆ ಕೊಡಬೇಕು. ಅಷ್ಟು ಅಗಲಿದರೆ ಕಾಲು ತಾಳುತ್ತದೆಯೇ ಎಂದು ಇನ್ನೊಬ್ಬರು ಉತ್ತರ ಹೇಳಬೇಕು. ಕಾಲೆತ್ತಿ ಕುಳಿತಾಗ ದಕ್ಕೆಯ ಮೇಲೆ ಬೀಳುವ ಪೆಟ್ಟೆಷ್ಟು ಎಂಬುದು ಆ ಕಡೆಯಿಂದ ಈ ಕಡೆಗೆ ಬರಬೇಕಾದ ಅಂಕಿ. ಕ್ರೇನಿನ ಟೆಂಡರಿನಲ್ಲಿ ಬಣ್ಣ ಎಷ್ಟು ಪದರ ಬಳಿಯಬೇಕೆಂದು ಬರೆಯುವವರು ಇದಕ್ಕೂ ಒಂದು ಪುಟ ಕೊಡಲಿ.

ಅಲುಗಾಟ ನಿಂತ ದಿನ ದಕ್ಕೆಗೆ ಮೊದಲು ಇಳಿಯಬೇಕಾದವರು ಸರ್ವೇಯವರು. ಹಳಿಯಿಂದ ಹಳಿಗೆ ಅಳತೆ, ಉದ್ದಕ್ಕೂ, ಕೆಲವು ಮೀಟರಿಗೊಮ್ಮೆ. ಚಕ್ರ ತಪ್ಪದೆ ಓಡಲು ಗೇಜಿನಲ್ಲಿ ಸಲ್ಲುವ ವ್ಯತ್ಯಾಸ ಮಿಲಿಮೀಟರುಗಳದ್ದು. ಒಬ್ಬರು ದೀಪ ಹಿಡಿದು ಕಾಲಿನ ಮೂಲೆಗಳ ತನಕ ಹತ್ತಿ, ಬಣ್ಣ ಎಲ್ಲಿ ಚಕ್ಕೆಯೆದ್ದಿದೆ ಎಂದು ನೋಡಬೇಕು. ಉಕ್ಕು ಎಲ್ಲಿ ತನ್ನ ಮಿತಿ ದಾಟಿತೆಂದು ಮೊದಲು ಹೇಳುವುದು ಬಣ್ಣ. ಒಬ್ಬರು ಬುಡದ ಪಿನ್ನು ನೋಡಬೇಕು, ಮುರಿದಿದೆಯೋ ಹಿಡಿದಿದೆಯೋ ಎಂದು. ಇದೆಲ್ಲ ಆಗುವ ತನಕ ಕ್ರೇನಿಗೆ ಕರೆಂಟ್ ಕೊಡಕೂಡದು. ಬರೆದುಕೊಂಡ ಅಳತೆಯ ಒಂದು ಪ್ರತಿ ದಕ್ಕೆಯ ಎಂಜಿನಿಯರಿಗೆ, ಇನ್ನೊಂದು ಕ್ರೇನಿನ ಎಂಜಿನಿಯರಿಗೆ, ಅದೇ ಸಂಜೆಯೊಳಗೆ.